ಕಪ್ಪು ಕಾರಿಗೆ ಸುಳಿ ಗೀರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಕಪ್ಪು ಕಾರು, ಕೊಂಡು ಎರಡೂವರೆ ವರ್ಷ. ನೆರಳಲ್ಲಿ ಹೊಸದರ ಹಾಗಿದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬ ಜೇಡರ ಬಲೆಯಂಥ ಗೀರು. ವ್ಯಾಕ್ಸ್ ಹಚ್ಚಿದರೆ ಕೆಲವು ದಿನ ಕಾಣುವುದಿಲ್ಲ, ಮತ್ತೆ ಹಾಜರ್. ತಪ್ಪದೆ ದಿನವೂ ಒರೆಸುತ್ತೇವೆ, ಆದರೂ ಹೀಗೇಕೆ? ಮನೆಯಲ್ಲೇ ತೆಗೆಯಬಹುದೇ? (ದಾವಣಗೆರೆ)

ಉತ್ತರ: ದಿನವೂ ಒರೆಸುವುದರಿಂದಲೇ ಹೀಗಾಗಿದೆ. ಬಾನೆಟ್ ಮೇಲೆ ಕೂತ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಒಣಬಟ್ಟೆ ಹಾಕಿ ತಿಕ್ಕಿದರೆ ಉಪ್ಪುಕಾಗದ ಎಳೆದಂತೆಯೇ. ಗೀರುಗಳು ನಿಜಕ್ಕೂ ವೃತ್ತಾಕಾರದಲ್ಲಿರುವುದಿಲ್ಲ, ಎಲ್ಲ ದಿಕ್ಕಿಗೂ ಚೆಲ್ಲಿರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಸೂರ್ಯನ ಪ್ರತಿಬಿಂಬದ ಸುತ್ತ ಸುಳಿಯಂತೆ ಕಾಣುತ್ತದೆ. ಹಳೆಯ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿ, ಅದೇ ಸುಳಿ. ಬಿಳಿ ಕಾರಿನಲ್ಲೂ ಇಷ್ಟೇ ಗೀರು ಇರುತ್ತದೆ, ಹಿನ್ನೆಲೆ ಬೆಳ್ಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ವ್ಯಾಕ್ಸ್ ಗೀರನ್ನು ತುಂಬಿ ಮರೆಮಾಡುತ್ತದೆ, ತೆಗೆಯುವುದಿಲ್ಲ.

ತೆಗೆಯಬೇಕೆಂದರೆ ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಸವೆಸಬೇಕು. ಝೆರಾಕ್ಸ್ ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಕ್ಲಿಯರ್ ಕೋಟ್ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸಿನಲ್ಲಿರುತ್ತದೆ. ಸುಳಿ ಗೀರಿನ ಆಳ ಕೆಲವೇ ಮೈಕ್ರಾನ್, ಹಾಗಾಗಿ ಒಮ್ಮೆ ಪಾಲಿಶ್ ಮಾಡಿದರೆ ಭಯವಿಲ್ಲ. ಪ್ರತಿ ವರ್ಷ ರಬ್ಬಿಂಗ್ ಮಾಡಿಸುವವರ ಕಾರಿನಲ್ಲಿ ಒಂದು ದಿನ ಬಣ್ಣವೇ ಎದ್ದು ಬರುತ್ತದೆ. ಉಗುರು ಆಡಿಸಿದಾಗ ತಡೆಯುವ ಗೀರನ್ನು ಮಾತ್ರ ಹಾಗೇ ಬಿಡಿ, ಅದು ಪಾಲಿಶಿಗೆ ಬಗ್ಗುವಂಥದ್ದಲ್ಲ.

ಯಂತ್ರ ಯಾವುದು ಎಂಬುದೇ ಇಲ್ಲಿ ಮುಖ್ಯ. ಗ್ಯಾರೇಜುಗಳಲ್ಲಿ ಕಾಣುವ ರೋಟರಿ ಬಫರ್ ಒಂದೇ ಅಕ್ಷದಲ್ಲಿ ತಿರುಗಿ ಬೇಗ ಬಿಸಿಯೇರಿಸುತ್ತದೆ. ಕೈ ಪಳಗದವರು ಹಿಡಿದರೆ ಕಪ್ಪು ಬಣ್ಣದ ಮೇಲೆ ಮೋಡದಂಥ ಹೊಸ ಗುರುತು ಏಳುತ್ತದೆ, ಅಂಚುಗಳಲ್ಲಿ ಬಣ್ಣ ಸುಡುತ್ತದೆ. ಮನೆಗೆ ಡ್ಯುಯಲ್ ಆಕ್ಷನ್ ಪಾಲಿಶರ್ (ಪ್ಯಾಡ್ ತಿರುಗುತ್ತಲೇ ಓಲಾಡುವ ಯಂತ್ರ) ಸಾಕು.

ಕಾರನ್ನು ತೊಳೆದು, ಶಾಂಪೂ ನೀರು ಸಿಂಪಡಿಸುತ್ತ ಕ್ಲೇ ಬಾರ್ (ಕೊಳೆ ಎತ್ತುವ ಜೇಡಿಯಂಥ ಮೆತ್ತನೆಯ ಮುದ್ದೆ) ಆಡಿಸಿ, ಅಂಟಿದ ಕೊಳೆ ತೆಗೆಯಿರಿ. ಕ್ಲೇ ನೆಲಕ್ಕೆ ಬಿದ್ದರೆ ತೊಳೆದು ಬಳಸುವ ಆಸೆ ಬೇಡ, ಎಸೆದುಬಿಡಿ. ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್, ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಕೆಲಸ ನೆರಳಲ್ಲೇ, ಲೋಹ ತಣ್ಣಗಿರುವಾಗಲೇ ನಡೆಯಬೇಕು. ಮೆತ್ತನೆಯ ಫೋಮ್ ಪ್ಯಾಡ್, ನಯವಾದ ಪಾಲಿಶ್‌ನಿಂದ ಆರಂಭಿಸಿ. ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. 2 ಅಡಿ ಉದ್ದ, 2 ಅಡಿ ಅಗಲದ ಜಾಗದಲ್ಲಿ ಹನಿಯನ್ನು ಕಡಿಮೆ ವೇಗದಲ್ಲಿ ಹರಡಿ, ನಂತರ 4 ಅಥವಾ 5ನೇ ವೇಗದಲ್ಲಿ ಅಡ್ಡಕ್ಕೂ ಉದ್ದಕ್ಕೂ ನಾಲ್ಕೈದು ಸಲ ನಿಧಾನವಾಗಿ ಸಾಗಿಸಿ. ಪ್ಯಾಡಿನ ಹಿಂದಿನ ತಟ್ಟೆಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಗೆರೆ ತಿರುಗುವುದು ನಿಂತರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಅಥವಾ ಪ್ಯಾಡ್ ಓರೆಯಾಗಿದೆ. ಹಾಗಾದಾಗ ಯಂತ್ರ ಬರೀ ಅದುರುತ್ತದೆ, ಗೀರು ಕದಲುವುದಿಲ್ಲ. ಪ್ರತಿ ಭಾಗವಾದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಕೆರೆದು ಶುಚಿ ಮಾಡಿ.

ಆಮೇಲೆ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಡಿಸ್ಟಿಲ್ಡ್ ನೀರು ಎರಡು ಪಾಲು ಬೆರೆಸಿ ಒರೆಸಿ, ಟಾರ್ಚ್ ಹಾಕಿ ನೋಡಿ. ಪಾಲಿಶಿನ ಎಣ್ಣೆಯೂ ಗೀರನ್ನು ಮುಚ್ಚಿ ಮೋಸ ಮಾಡುತ್ತದೆ. ಅದಕ್ಕೇ ಈ ಪರೀಕ್ಷೆ. ಮೊದಲ ತುಂಡಿನಲ್ಲಿ ಫಲ ಕಂಡರೆ ಮಾತ್ರ ಮುಂದುವರಿಯಿರಿ. ಇಲ್ಲದಿದ್ದರೆ ಅದೇ ಜಾಗದಲ್ಲಿ ಇನ್ನೊಂದು ದರ್ಜೆ ಗಟ್ಟಿಯಾದ ಪ್ಯಾಡ್ ಹಾಕಿ ನೋಡಿ. ಎಲ್ಲ ಗೀರೂ ಹೋಗಲೇಬೇಕೆಂಬ ಹಟ ಬೇಡ, ಹತ್ತರಲ್ಲಿ ಎಂಟು ಹೋದರೆ ನಿಲ್ಲಿಸಿ.

ಪ್ರಶ್ನೆ: ಸೆರಾಮಿಕ್ ಕೋಟಿಂಗ್ 9ಎಚ್ ಗಡಸು, ಗೀರೇ ಬೀಳದು ಎನ್ನುತ್ತಾರೆ. ನಿಜವೇ? (ಹುಬ್ಬಳ್ಳಿ)

ಉತ್ತರ: ಅಲ್ಲ. 9ಎಚ್ ಎಂಬುದು ಪೆನ್ಸಿಲ್ ಸೀಸದ ಗಡಸುತನದ ಅಳತೆ. ರಸ್ತೆಯ ಮರಳು ಅದಕ್ಕಿಂತ ಗಡಸು. ಕೋಟಿಂಗ್ ಇದ್ದರೆ ಕೊಳೆ ಸುಲಭವಾಗಿ ಜಾರುತ್ತದೆ, ತಿಕ್ಕುವುದು ಕಡಿಮೆಯಾಗುತ್ತದೆ, ಲಾಭ ಅಷ್ಟೇ. ಗೀರಿನ ಮೇಲೆಯೇ ಕೋಟಿಂಗ್ ಹಚ್ಚಿಸಿದರೆ ಗೀರು ಅದರಡಿ ಭದ್ರವಾಗಿ ಉಳಿಯುತ್ತದೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಬೆಳಿಗ್ಗೆ ಒಬ್ಬರು ಬಂದು ಒಂದೇ ಬಕೆಟ್ ನೀರಿನಲ್ಲಿ ಹತ್ತು ಕಾರು ಒರೆಸುತ್ತಾರೆ. ಪೈಪು ಹಿಡಿದು ತೊಳೆಯಲು ಅನುಮತಿಯಿಲ್ಲ. (ಬೆಂಗಳೂರು)

ಉತ್ತರ: ಗಾಜು ಮಾತ್ರ ಒರೆಸಲು ಅವರಿಗೆ ಹೇಳಿ, ಹತ್ತು ಕಾರಿನ ಮರಳು ಆ ಬಟ್ಟೆಯಲ್ಲಿದೆ. ವಾರಕ್ಕೊಮ್ಮೆ ನೀವೇ ತೊಳೆಯಿರಿ. ನೀರು ಹಾಯಿಸದೆ ತೊಳೆಯಲು ರಿನ್ಸ್‌ಲೆಸ್ ವಾಶ್ ದ್ರಾವಣ ಸಿಗುತ್ತದೆ. ಡಬ್ಬಿಯ ಮೇಲೆ ಹೇಳಿದಷ್ಟನ್ನು ಒಂದು ಬಕೆಟ್‌ಗೆ ಹಾಕಿ, ಎಂಟು ಹತ್ತು ಮೈಕ್ರೊಫೈಬರ್ ಬಟ್ಟೆ ನೆನೆಸಿಡಿ. ಅದೇ ದ್ರಾವಣವನ್ನು ಕಾರಿಗೆ ಧಾರಾಳವಾಗಿ ಸಿಂಪಡಿಸಿ, ಒಂದು ನಿಮಿಷ ಬಿಟ್ಟು, ಮೇಲಿನಿಂದ ಕೆಳಕ್ಕೆ ಒಂದೊಂದು ಭಾಗಕ್ಕೂ ಹೊಸ ಬಟ್ಟೆಯಲ್ಲಿ ನೇರವಾಗಿ ಎಳೆಯಿರಿ. ಕೊಳೆಯಾದ ಬಟ್ಟೆ ಮತ್ತೆ ಬಕೆಟ್‌ಗೆ ಹೋಗಕೂಡದು. ಬೋರ್‌ವೆಲ್ ನೀರಾದರೆ ಆರುವ ಮುನ್ನವೇ ಒಣಗಿಸಿ, ಇಲ್ಲವಾದರೆ ಸುಣ್ಣದ ಕಲೆ ಕೂರುತ್ತದೆ. ಮಳೆಯಲ್ಲಿ ಕೆಸರು ಮೆತ್ತಿದ ಕಾರಿಗೆ ಈ ವಿಧಾನ ಆಗದು. ಪ್ರೆಶರ್ ವಾಶ್ ಇರುವ ಕಡೆ ಒಯ್ಯಿರಿ, ಬ್ರಷ್ ಮುಟ್ಟಿಸಬೇಡಿರೆಂದು ಮೊದಲೇ ಹೇಳಿ. ಧೂಳು ಹಿಡಿದ ಕಾರಿಗೆ ಬಾಡಿ ಕವರ್ ಹೊದಿಸಲೂಬೇಡಿ, ಗಾಳಿಗೆ ಅದು ರಾತ್ರಿಯಿಡೀ ತಿಕ್ಕುತ್ತದೆ.