ಮೂರು ಸಲ ಕೊಚ್ಚಿಹೋದ ಮೋರಿ

(ಹಾವೇರಿ ಜಿಲ್ಲೆಯ ಹಳ್ಳಿಯಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ. ಅವರ ಊರಿನ ಹಳ್ಳಕ್ಕೆ ಕಟ್ಟಿದ್ದ ಮೋರಿ ಆರು ವರ್ಷದಲ್ಲಿ ಮೂರು ಸಲ ಕೊಚ್ಚಿಹೋಗಿದೆ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಮತ್ತೆ ಕಟ್ಟಿದ್ದಾರೆ. ನಡುವೆ ಒಂದು ವರ್ಷ ಗೋವಿನಜೋಳ ಮೊಣಕಾಲೆತ್ತರಕ್ಕೇ ಒಣಗಿತಂತೆ. "ಹವಾಮಾನ ಬದಲಾಗಿದೆ ಅಂತ ನಿಮ್ಮ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇನೆ. ಹೊಗೆ ಬಿಟ್ಟವರು ಯಾವುದೋ ದೇಶದವರು. ಒಪ್ಪಂದಕ್ಕೆ ಸಹಿ ಹಾಕುವವರು ದೆಹಲಿಯವರು. ನಮ್ಮ ರಾಜ್ಯ ಸರ್ಕಾರ ಇದರಲ್ಲಿ ಏನು ತಾನೇ ಮಾಡೀತು? ಬರಕ್ಕೂ ಪರಿಹಾರ, ನೆರೆಗೂ ಪರಿಹಾರ. ಅಷ್ಟೇ ಅಲ್ವಾ?" ಎಂದು ಕೇಳಿದ್ದಾರೆ.)

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ "ಅದೇ ಅಳತೆಯಲ್ಲಿ" ಅನ್ನುವ ಮಾತಿನ ಕೆಳಗೆ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ನೀವು ಕೇಳಿದ ಪ್ರಶ್ನೆಗೆ ಉತ್ತರವನ್ನು ನೀವೇ ಬರೆದುಬಿಟ್ಟಿದ್ದೀರಿ.

ಒಂದು ಮೋರಿಗೆ ಎಷ್ಟು ದಪ್ಪದ ಪೈಪು, ಎಷ್ಟು ಸಾಲು ಅನ್ನುವುದಕ್ಕೆ ಲೆಕ್ಕ ಇದೆ. ಮೇಲಿನ ಎಷ್ಟು ಎಕರೆಯ ನೀರು ಆ ಹಳ್ಳಕ್ಕೆ ಹರಿದು ಬರುತ್ತದೆ, ಆ ಕಡೆ ಒಂದು ಗಂಟೆಗೆ ಎಷ್ಟು ಜೋರಾಗಿ ಮಳೆ ಹೊಡೆಯಬಹುದು ಎಂದು ನೋಡಿ ಎಸ್ಟಿಮೇಟ್ ಮಾಡುತ್ತಾರೆ. ಆ ಲೆಕ್ಕ ಹಳೆಯ ಮಳೆ ದಾಖಲೆಯ ಮೇಲೆ ನಿಂತಿರುತ್ತದೆ. ಎಡವಟ್ಟು ಆಗುವುದು ಅಲ್ಲೇ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. ಹಾಗೆ ಹಿಡಿದದ್ದನ್ನು ಒಮ್ಮೊಮ್ಮೆ ಒಂದೇ ರಾತ್ರಿ ಸುರಿದುಬಿಡುತ್ತದೆ. ವರ್ಷದ ಒಟ್ಟು ಮಳೆ ಹಿಂದಿನಷ್ಟೇ ಇರಬಹುದು. ಆದರೆ ಮಳೆಯ ದಿನಗಳು ಕಡಿಮೆಯಾಗಿ, ಬಿದ್ದ ದಿನ ಹಳ್ಳ ಹೊಳೆಯಾಗುತ್ತದೆ. ತಾತನ ಮಳೆಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಮೊಮ್ಮಗನ ಮಳೆಗೆ ಹೇಗೆ ಸಾಲುತ್ತದೆ?

ಹಾಗಾದರೆ ಮೂರನೇ ಸಲವಾದರೂ ದೊಡ್ಡದಾಗಿ ಕಟ್ಟಬಾರದೇ? ಇದಕ್ಕೆ ಉತ್ತರ ದುಡ್ಡಿನ ಬಾಬತ್ತಿನಲ್ಲಿದೆ. ನೆರೆಯಲ್ಲಿ ಕೊಚ್ಚಿಹೋದ ರಸ್ತೆ, ಮೋರಿಗೆ ಸಾಮಾನ್ಯವಾಗಿ ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ನಮ್ಮಂಥ ರಾಜ್ಯಗಳಲ್ಲಿ ಈ ನಿಧಿಗೆ ಕೇಂದ್ರ ನೂರಕ್ಕೆ 75, ರಾಜ್ಯ 25 ಹಾಕುತ್ತವೆ. ಆ ಹಣ ತುರ್ತು ದುರಸ್ತಿಗೆ. ಹಾಳಾದದ್ದನ್ನು ಬೇಗ ಮೊದಲಿನಂತೆ ಮಾಡಿ, ಬಸ್ಸು ಓಡಲಿ ಅನ್ನುವುದು ಅದರ ಲೆಕ್ಕಾಚಾರ. ದೊಡ್ಡ ಮೋರಿ ಅಂದರೆ ಹೊಸ ಕಾಮಗಾರಿ. ಅದಕ್ಕೆ ಬಜೆಟ್‌ನಲ್ಲಿ ಬೇರೆ ಲೆಕ್ಕಶೀರ್ಷಿಕೆ, ಬೇರೆ ಮಂಜೂರಾತಿ, ಬೇರೆ ಓಡಾಟ. ಪರಿಹಾರದ ಹಣದಲ್ಲಿ "ಮೊದಲಿನಂತೆ" ಮಾಡಿದರೆ ಕಡತ ಮುಚ್ಚುತ್ತದೆ. ಮುಂದಿನ ಮಳೆಗಾಲಕ್ಕೆ ಮೋರಿ ಹೋಗುತ್ತದೆ, ಕಡತ ಮತ್ತೆ ತೆರೆಯುತ್ತದೆ.

15ನೇ ಹಣಕಾಸು ಆಯೋಗ ಇದನ್ನು ಸ್ವಲ್ಪ ಸಡಿಲಿಸಿತು. 2021ರಿಂದ 2026ರ ಅವಧಿಗೆ ವಿಪತ್ತಿನ ಒಟ್ಟು ಹಣದಲ್ಲಿ ಶೇ 20ನ್ನು ಅನಾಹುತ ಆಗುವ ಮೊದಲೇ ತಡೆಯುವ ಕೆಲಸಕ್ಕೆ ಬೇರೆ ನಿಧಿಯಾಗಿ ಇಡಬೇಕು ಎಂದಿತು. ಉಳಿದ ಶೇ 80ರಲ್ಲೂ ಪುನರ್ನಿರ್ಮಾಣಕ್ಕೆ ಒಂದು ಪಾಲು, ಸಿದ್ಧತೆಗೆ ಒಂದು ಪಾಲು. ನನ್ನ ಪ್ರಕಾರ ಹವಾಮಾನದ ಬಗ್ಗೆ ಬಂದ ಹತ್ತು ಘೋಷಣೆಗಳಿಗಿಂತ ಈ ಒಂದು ಬದಲಾವಣೆ ದೊಡ್ಡದು. ಅದರ ಸದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ನಿಧಿ ಸ್ಥಾಪನೆಗೆ ಫೋಟೊ ತೆಗೆಯುವ ಸಮಾರಂಭ ಇರುವುದಿಲ್ಲ, ನೋಡಿ.

ಇನ್ನು ದೆಹಲಿಯ ಮಾತು. ಹೊಗೆ ಕಡಿಮೆ ಮಾಡುವ ಒಪ್ಪಂದ ದೆಹಲಿಯದ್ದೇ, ಒಪ್ಪುತ್ತೇನೆ. ಆದರೆ ಬಿಸಿಲು, ಮಳೆ ಹೆಚ್ಚುಕಮ್ಮಿ ಆದಾಗ ಪೆಟ್ಟು ಬೀಳುವುದು ಯಾವುದಕ್ಕೆ? ಬೇಸಾಯ, ನೀರಾವರಿ, ಆಸ್ಪತ್ರೆ, ಜಮೀನು, ಊರಿನ ಚರಂಡಿ. ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಇವೆಲ್ಲ ರಾಜ್ಯಪಟ್ಟಿಯಲ್ಲೇ ಇವೆ. ಪಾಠ ಮಾಡಿದವರು ನೀವು, ನಾನು ಹೇಳಬೇಕಾಗಿಲ್ಲ. ಪ್ಯಾರಿಸ್‌ನಲ್ಲಿ ಏನೇ ಒಪ್ಪಂದ ಆಗಲಿ, ನಿಮ್ಮ ಹಳ್ಳದ ಪೈಪಿನ ದಪ್ಪ ತೀರ್ಮಾನ ಆಗುವುದು ಜಿಲ್ಲೆಯ ಒಂದು ಮೇಜಿನ ಮೇಲೆ.

ಯೋಜನೆಯೇ ಇಲ್ಲ ಅಂತಲ್ಲ. 2008ರಲ್ಲಿ ಕೇಂದ್ರ ಹವಾಮಾನ ಬದಲಾವಣೆಗೆ ಎಂಟು ಅಭಿಯಾನಗಳ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು. ಮರುವರ್ಷ ರಾಜ್ಯಗಳಿಗೂ ನಿಮ್ಮ ನಿಮ್ಮದು ಮಾಡಿಕೊಳ್ಳಿ ಎಂದಿತು. ಕರ್ನಾಟಕದ್ದನ್ನು ಬೆಂಗಳೂರಿನ ಎಂಪ್ರಿ, ಅಂದರೆ ಸರ್ಕಾರದ್ದೇ ಪರಿಸರ ಸಂಶೋಧನಾ ಸಂಸ್ಥೆ, ಸಿದ್ಧಪಡಿಸಿತು, ಆಮೇಲೆ ಪರಿಷ್ಕರಣೆಯೂ ಆಯಿತು. ಓದಲು ಚೆನ್ನಾಗಿದೆ. ಯಾವ ಕಡೆ ಸೆಕೆ ಏರುತ್ತದೆ, ಯಾವ ಬೆಳೆಗೆ ಹೊಡೆತ ಅಂತೆಲ್ಲ ಇದೆ. ಒಮ್ಮೆ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ಈ ಯೋಜನೆಯ ಪ್ರತಿ ಕೇಳಿದೆ. ಪಾಪ, ಅಲ್ಲಿದ್ದವರು ಬಹಳ ವಿನಯದಿಂದ "ಅದು ಪರಿಸರದವರದ್ದು ಸರ್, ಬೆಂಗಳೂರಲ್ಲಿ ಸಿಗುತ್ತೆ" ಎಂದರು. ಅವರನ್ನು ದೂರಿ ಫಲವಿಲ್ಲ. ಅವರ ಕೈಗೆ ಬರುವುದು ಸುತ್ತೋಲೆ, ದರಪಟ್ಟಿ, ಎಸ್ಟಿಮೇಟಿನ ನಮೂನೆ. ಹವಾಮಾನದ ಮಾತು ಆ ಕಾಗದಗಳ ಒಳಗೆ ಇಳಿಯುವ ತನಕ ಯೋಜನೆ ಬೆಂಗಳೂರಲ್ಲೇ ಸಿಗುತ್ತದೆ.

ಹಾಗಂತ ನಮ್ಮ ರಾಜ್ಯ ಏನೂ ಮಾಡಿಲ್ಲ ಅಂದರೆ ಅನ್ಯಾಯವಾದೀತು. 1988ರಲ್ಲೇ ಬರ ನಿಗಾ ಘಟಕ ಅಂತ ಒಂದನ್ನು ಇಲ್ಲಿ ಶುರು ಮಾಡಿದರು, ದೇಶದಲ್ಲೇ ಮೊದಲು. ಅದೇ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟಕ್ಕೆ ಅದರ ಮಳೆಮಾಪಕಗಳಿವೆ, 6 ಸಾವಿರಕ್ಕೂ ಹೆಚ್ಚು. 15 ನಿಮಿಷಕ್ಕೊಮ್ಮೆ ತಾನಾಗಿಯೇ ಲೆಕ್ಕ ಕಳಿಸುತ್ತವೆ. ಮಳೆ ಕೇಳಲು ರೈತರಿಗೆ 'ವರುಣ ಮಿತ್ರ' ಸಹಾಯವಾಣಿ, ಸಿಡಿಲಿಗೆ 'ಸಿಡಿಲು' ಆ್ಯಪ್. "ಆದ್ರೆ ಆರಿದ್ರೆ, ಇಲ್ಲದಿದ್ರೆ ದರಿದ್ರ" ಅಂತ ನಮ್ಮಜ್ಜಿ ಆಕಾಶ ನೋಡುತ್ತಿದ್ದಳು. ಈಗ ಆರಿದ್ರೆಯ ಪ್ರತಿ ಹನಿಗೂ ಲೆಕ್ಕ ಇದೆ. ಇಷ್ಟು ಒಳ್ಳೆಯ ಮಾಹಿತಿ ಇಟ್ಟುಕೊಂಡೂ ಮೋರಿಯ ಅಳತೆ ಬದಲಾಗುವುದಿಲ್ಲ ಅನ್ನುವುದೇ ನನಗೆ ಸಂಕಟ.

ಬರದ ಕಥೆಗೆ ಬರೋಣ. 2023ರ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಕಂಡ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ರಾಜ್ಯ ಕೇಂದ್ರವನ್ನು 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಳು ಕಳೆದವು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಯಾರು ಸರಿ, ಯಾರು ತಪ್ಪು ಅನ್ನುವ ಜಗಳವನ್ನು ಟಿವಿಯವರಿಗೆ ಬಿಡೋಣ. ಬಿತ್ತಿದ್ದು ಜೂನ್‌ನಲ್ಲಿ, ಒಣಗಿದ್ದು ಆಗಸ್ಟ್‌ನಲ್ಲಿ, ದುಡ್ಡು ಮುಂದಿನ ಯುಗಾದಿ ಕಳೆದ ಮೇಲೆ. ಅದೂ ಎಷ್ಟು? ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ ಎರಡು ಹೆಕ್ಟೇರಿಗೆ. ನಿಮ್ಮ ಗೋವಿನಜೋಳಕ್ಕೆ ಬೀಜ, ಗೊಬ್ಬರ, ಎಡೆಕುಂಟೆ ಬಾಡಿಗೆ ಎಷ್ಟಾಯಿತು ಅಂತ ನಿಮಗೇ ಗೊತ್ತು.

ಪರಿಹಾರ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಆಗಸ್ಟ್ ಒಣಗುವ ಮೊದಲೇ ಮಾಡಬಹುದಾದ ಕೆಲಸ ಇದೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ ಜಿಲ್ಲೆಗೊಂದರಂತೆ ಬದಲಿ ಬೆಳೆ ಯೋಜನೆ ಮಾಡಿಕೊಟ್ಟಿದೆ. ಮುಂಗಾರು ಎರಡು ವಾರ ತಡವಾದರೆ ಏನು ಬಿತ್ತಬೇಕು, ನಾಲ್ಕು ವಾರ ಆದರೆ ಏನು, ಆರು ವಾರ ಆದರೆ ಏನು ಅಂತ ಅದರಲ್ಲಿ ಬಿಡಿಸಿ ಬರೆದಿದ್ದಾರೆ. ಆದರೆ ಪುಸ್ತಕದಲ್ಲಿ ನವಣೆ, ಹುರುಳಿ ಅಂತ ಇದ್ದು, ಆ ವಾರ ರೈತ ಸಂಪರ್ಕ ಕೇಂದ್ರದ ಗೋದಾಮಿನಲ್ಲಿ ಗೋವಿನಜೋಳದ ಚೀಲವೇ ಇದ್ದರೆ ರೈತ ಏನು ಮಾಡಬೇಕು? ಬದಲಿ ಬೀಜವನ್ನು ಪ್ರತಿ ವರ್ಷ ದಾಸ್ತಾನು ಮಾಡಬೇಕು. ಮಳೆ ಸರಿಯಾಗಿ ಬಂದ ವರ್ಷ ಅದು ಉಳಿಯುತ್ತದೆ, ನಷ್ಟವೂ ಆಗುತ್ತದೆ. ಆಡಿಟ್‌ನವರು "ಯಾಕೆ ಖರೀದಿ ಮಾಡಿದ್ರಿ?" ಅಂತ ಕೇಳುತ್ತಾರೆ. ಆ ನಷ್ಟವನ್ನು ವಿಮೆಯ ಕಂತು ಅಂದುಕೊಂಡು ಅಧಿಕಾರಿಯ ಬೆನ್ನಿಗೆ ನಿಲ್ಲಬೇಕಾದದ್ದು ಸರ್ಕಾರ.

ಹೀಗೆ ನಡೆದುಕೊಂಡ ರಾಜ್ಯ ಇದೆಯಾ ಅಂದರೆ, ಒಡಿಶಾ ಕಡೆ ನೋಡಿ. 1999ರ ಅಕ್ಟೋಬರ್‌ನ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. ಅದೇ ವರ್ಷದ ಕೊನೆಗೆ ಆ ರಾಜ್ಯ ವಿಪತ್ತು ನಿರ್ವಹಣೆಗೇ ಒಂದು ಪ್ರತ್ಯೇಕ ಸಂಸ್ಥೆ ಮಾಡಿಕೊಂಡಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಅಂದರೆ ದೆಹಲಿಗೆ ಅವರು ಕಾಯಲಿಲ್ಲ. ಕರಾವಳಿಯಲ್ಲಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಅವುಗಳಲ್ಲಿ ಎಷ್ಟೋ ಕಡೆ ಉಳಿದ ದಿನ ಶಾಲೆ ನಡೆಯುತ್ತದೆ. ಹಾಗಾಗಿ ಬೀಗ ತುಕ್ಕು ಹಿಡಿಯುವುದಿಲ್ಲ. ಹಳ್ಳಿಯ ಹುಡುಗರಿಗೆ ತರಬೇತಿ ಕೊಟ್ಟರು. 2013ರ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು. ಸತ್ತವರ ಸಂಖ್ಯೆ ಹತ್ತುಗಳಲ್ಲಿ ಉಳಿಯಿತು. ಈಚೆಗೆ ಆ ರಾಜ್ಯ ಬಜೆಟ್ ಜೊತೆ ಹವಾಮಾನ ಬಜೆಟ್ ಅಂತಲೂ ಮಂಡಿಸುತ್ತದೆ. ಯಾವ ಇಲಾಖೆಯ ಯಾವ ಯೋಜನೆ ಮಳೆ, ಬಿಸಿಲಿನ ಹೊಡೆತ ತಡೆದುಕೊಳ್ಳಲು ಎಷ್ಟು ಸಹಾಯ ಮಾಡುತ್ತದೆ ಅಂತ ಅದರಲ್ಲಿ ತೋರಿಸಬೇಕು. ಕೃಷಿ ಇಲಾಖೆಯೂ, ರಸ್ತೆ ಇಲಾಖೆಯೂ ಉತ್ತರ ಕೊಡಬೇಕು. ಪರಿಸರದವರ ಕಡೆ ಬೆರಳು ತೋರಿಸಿ ಜಾರಿಕೊಳ್ಳುವುದು ಆಗ ಕಷ್ಟ.

ಬಿಸಿಲಿನ ವಿಷಯದಲ್ಲಿ ನಮ್ಮಲ್ಲೇ ಒಂದು ಹಳೆಯ ರೂಢಿ ಇದೆ. ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಯಾರೂ ಇದನ್ನು ಹವಾಮಾನ ಹೊಂದಾಣಿಕೆ ಅಂತ ಕರೆಯಲಿಲ್ಲ. ಆದರೆ ಅದು ಅದೇ. ಉದ್ಯೋಗ ಖಾತ್ರಿ ಕೂಲಿಯವರಿಗೂ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುತ್ತಾ ಬಂದಿದ್ದಾರೆ. ಕಟ್ಟಡದ ಗಾರೆ ಕೆಲಸದವರು, ಇಟ್ಟಿಗೆ ಭಟ್ಟಿಯವರು, ತಳ್ಳುಗಾಡಿಯವರು ಮಾತ್ರ ಈ ನೆರಳಿನ ಹೊರಗೇ ಉಳಿದಿದ್ದಾರೆ. ಅಹಮದಾಬಾದ್ ನಗರ 2010ರ ಬಿಸಿಗಾಳಿಯಲ್ಲಿ ಪೆಟ್ಟು ತಿಂದು 2013ರಲ್ಲಿ ಬಿಸಿಲಿಗೇ ಒಂದು ಯೋಜನೆ ಮಾಡಿತು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡು ಕಟ್ಟಡದ ತುತ್ತತುದಿಯಲ್ಲಿತ್ತು, ಕಾದ ತಾರಸಿಯ ಕೆಳಗೆ. ಅದನ್ನು ಕೆಳಗಿನ ಮಹಡಿಗೆ ಇಳಿಸಿದರು. ಇದಕ್ಕೆ ವಿಶ್ವಬ್ಯಾಂಕ್ ಸಾಲ ಬೇಕಾಗಲಿಲ್ಲ.

ನೀರಿನ ವಿಷಯಕ್ಕೆ ಕೋಲಾರವನ್ನು ನೋಡಬೇಕು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರ್‌ವರೆಗಿನ ಯೋಜನೆ, ನೂರಕ್ಕೂ ಹೆಚ್ಚು ಕೆರೆ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಕಡೆ ಕೊಳವೆಬಾವಿಗೆ ಜೀವ ಬಂತು ಅಂತ ರೈತರು ಹೇಳುತ್ತಾರೆ. ಇದೇ ನೀರನ್ನು ಎರಡನೇ ಹಂತದವರೆಗಷ್ಟೇ ಶುದ್ಧಮಾಡಿ ಬಿಡುತ್ತಿದ್ದೀರಿ, ಮೂರನೇ ಹಂತ ಎಲ್ಲಿ ಅಂತ ಕೇಳುವವರೂ ಅಲ್ಲಿನ ರೈತರೇ. ಎರಡೂ ಮಾತು ನಿಜ. ಮಳೆಯನ್ನು ನಂಬದ ನೀರು ಒಣ ಜಿಲ್ಲೆಗೆ ಸಿಕ್ಕಿತು, ಸರಿ. ಕುಡಿಯುವ ಬಾವಿಗೆ ಇಳಿಯುವ ನೀರಿನಲ್ಲಿ ಜಿಪುಣತನ ಮಾಡಬಾರದು ಅನ್ನುವುದೂ ಅಷ್ಟೇ ಸರಿ.

ಮಲೆನಾಡು, ಕರಾವಳಿಯ ಗುಡ್ಡ ಕುಸಿತದ ಬಗ್ಗೆ ಬರೆಯಹೋದರೆ ಇನ್ನೊಂದು ಸಂಚಿಕೆ ಬೇಕು. 2018ರಲ್ಲಿ ಕೊಡಗು, 2020ರಲ್ಲಿ ತಲಕಾವೇರಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು. ಮಳೆ ಜೋರಿತ್ತು, ನಿಜ. ಆದರೆ ಇಳಿಜಾರಿನಲ್ಲಿ ಭೂ ಪರಿವರ್ತನೆಗೆ ಸಹಿ ಹಾಕುವುದು ಮಳೆಯಲ್ಲ.

ಈಗ ನಿಮ್ಮ ಮೋರಿಗೆ ವಾಪಸ್ ಬರುತ್ತೇನೆ. ಮೂರು ಸಲ ಕೊಚ್ಚಿಹೋದ ತಾರೀಖು ನಿಮಗೆ ನೆನಪಿದೆ ಅಂತ ಬರೆದಿದ್ದೀರಿ. ಆ ಮೂರು ದಿನ ನಿಮ್ಮ ಪಂಚಾಯಿತಿಯ ಮಳೆಮಾಪಕ ದಾಖಲಿಸಿದ ಮಳೆಯ ಲೆಕ್ಕವನ್ನು ಉಸ್ತುವಾರಿ ಕೇಂದ್ರದಿಂದ ತರಿಸಿ. ದಿನದ ಒಟ್ಟು ಸಾಲದು, 15 ನಿಮಿಷದ ಲೆಕ್ಕವನ್ನೇ ಕೇಳಿ. ಮೋರಿ ಮುರಿಯುವುದು ಆ ಒಂದು ಗಂಟೆಯ ರಭಸಕ್ಕೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಮೂರೂ ಸಲದ ಎಸ್ಟಿಮೇಟಿನ ಪ್ರತಿ ಕೇಳಿ. ಮೂವತ್ತು ದಿನದಲ್ಲಿ ಕೊಡಬೇಕು. ಪೈಪಿನ ಅಳತೆಗೆ ಯಾವ ಮಳೆಯನ್ನು ಹಿಡಿದಿದ್ದಾರೆ ಅನ್ನುವುದು ಅದರಲ್ಲಿ ಇರಬೇಕು. ಎರಡೂ ಕಾಗದ ಒಟ್ಟಿಗೆ ಇಟ್ಟು ಗ್ರಾಮಸಭೆಯಲ್ಲಿ ಓದಿ, ಈ ಸಲ ಅನಾಹುತವನ್ನು ಮೊದಲೇ ತಡೆಯುವ ಆ ಬೇರೆ ನಿಧಿಯಿಂದ ದೊಡ್ಡ ಮೋರಿಗೆ ಪ್ರಸ್ತಾವ ಕಳಿಸಬೇಕು ಅಂತ ಠರಾವು ಬರೆಸಿ. ಬರೀ "ಮೋರಿ ಸರಿಯಿಲ್ಲ" ಅಂತ ಅರ್ಜಿ ಕೊಟ್ಟರೆ ಮತ್ತೆ "ಮೊದಲಿನಂತೆ" ಮಾಡಿಕೊಡುತ್ತಾರೆ.

ಎಸ್ಟಿಮೇಟ್ ಸಿಕ್ಕರೆ ನಮಗೂ ಒಂದು ಪ್ರತಿ ಕಳಿಸಿ ಮೇಷ್ಟ್ರೇ. ಪೂರ್ತಿ ಬೇಡ, ಪೈಪಿನ ಅಳತೆ ಇರುವ ಪುಟ ಸಾಕು.

– ಸಂಪಾದಕ