ಅಮೆರಿಕದ ಕ್ಯಾಂಪಸ್ಸಿನ ಕಪ್ಪು ಸ್ತ್ರೀವಾದಿ ಸಂಘಟನೆಗೆ ಕನ್ನಡದ ಹುಡುಗಿ ಸೇರಬಹುದೇ?

ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿಗಾಗಿ ಅಮೆರಿಕಕ್ಕೆ ಹೊರಟಿರುವ ನೀವು, ಅಲ್ಲಿನ ವಿಶ್ವವಿದ್ಯಾಲಯದೊಳಗೆ ಕೆಲಸ ಮಾಡುವ ಕಪ್ಪು ಸ್ತ್ರೀವಾದಿ ಸಾಮಾಜಿಕ ನ್ಯಾಯದ ಜಾಲವೊಂದಕ್ಕೆ ಸೇರಬಹುದೇ, ಸೇರಿದರೆ ಅವರು ನಿಮ್ಮಿಂದ ಏನನ್ನು ನಿರೀಕ್ಷಿಸುತ್ತಾರೆ ಎಂದು ಕೇಳಿದ್ದೀರಿ. ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಅಂಥದೊಂದು ಗುಂಪಿನೊಡನೆ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಖಂಡಿತ ಸೇರಬಹುದು. ವಿಶ್ವವಿದ್ಯಾಲಯದಲ್ಲಿ ನೋಂದಣಿಯಾದ ವಿದ್ಯಾರ್ಥಿ ಸಂಘಗಳು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತವೆ. ಆದರೆ ಕಪ್ಪು ಮಹಿಳೆಯರು ತಮ್ಮತಮ್ಮಲ್ಲೇ ಕುಳಿತು ಮಾತಾಡುವ ಕೆಲವು ಸಭೆಗಳಿರುತ್ತವೆ. ಅವುಗಳಿಗೆ ನಿಮ್ಮನ್ನು ಕರೆಯದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಮ್ಮ ಗುಂಪಿನಲ್ಲಿ ಹೊಸಬರಿಗೆ ಮೊದಲು ಓದಲು ಕೊಡುತ್ತಿದ್ದುದು ಕೊಂಬಾಹಿ ರಿವರ್ ಕಲೆಕ್ಟಿವ್‌ನ 1977ರ ಹೇಳಿಕೆಯನ್ನು. 1974ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಕಪ್ಪು ಸ್ತ್ರೀವಾದಿಯರ ಈ ಸಣ್ಣ ಗುಂಪು, 1863ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಹೋರಾಟಗಾರ್ತಿ ಹ್ಯಾರಿಯೆಟ್ ಟಬ್‌ಮನ್ ಮುಂದಾಳತ್ವದಲ್ಲಿ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆಗೊಂಡ ಸೌತ್ ಕೆರೊಲಿನಾದ ನದಿಯ ಹೆಸರನ್ನು ಇಟ್ಟುಕೊಂಡಿತ್ತು. ಬಿಳಿಯ ಮಹಿಳೆಯರ ಚಳವಳಿ ವರ್ಣದ ಪ್ರಶ್ನೆಯನ್ನು ಬದಿಗಿಡುತ್ತಿದ್ದಾಗ, ಕಪ್ಪು ಜನರ ಚಳವಳಿಯ ಮುಖಂಡರು ಹೆಣ್ಣಿನ ಪ್ರಶ್ನೆಯನ್ನು ನಾಳೆಗೆ ದೂಡುತ್ತಿದ್ದಾಗ, ವರ್ಣ, ಲಿಂಗ, ವರ್ಗ, ಲೈಂಗಿಕತೆಗಳ ದಬ್ಬಾಳಿಕೆ ಒಂದರೊಳಗೊಂದು ಹೆಣೆದುಕೊಂಡಿದೆ, ಬಿಡಿಬಿಡಿಯಾಗಿ ಕಳಚಲಾಗದು ಎಂದು ಇವರು ವಾದಿಸಿದರು. 1979ರಲ್ಲಿ ಬಾಸ್ಟನ್‌ನಲ್ಲಿ ಒಬ್ಬರಾದ ಮೇಲೊಬ್ಬರಂತೆ ಕಪ್ಪು ಮಹಿಳೆಯರ ಕೊಲೆಯಾಗತೊಡಗಿದಾಗ ಈ ವಾದ ಬೀದಿಗಿಳಿಯಿತು. ಆರು ಮಂದಿ ಏಕೆ ಸತ್ತರು ಎಂದು ಕೇಳುವ ಕರಪತ್ರವನ್ನು ಅವರು ಅಚ್ಚು ಹಾಕಿಸಿದರು. ಸಾವುಗಳು ನಿಲ್ಲಲಿಲ್ಲ, ಹಾಗಾಗಿ ಆರು ಎಂಬ ಅಂಕಿಯನ್ನು ಹೊಡೆದು ಏಳು, ಅದನ್ನೂ ಹೊಡೆದು ಎಂಟು ಎಂದು ತಿದ್ದುತ್ತಾ ಹೋದರು. ಹೆಂಗಸರು ಮನೆಯಲ್ಲೇ ಇರಲಿ ಎಂಬ ಬುದ್ಧಿವಾದಕ್ಕೆ ಬದಲಾಗಿ ಅದರಲ್ಲಿ ಆತ್ಮರಕ್ಷಣೆಯ ಸಲಹೆಗಳಿದ್ದವು.

ವಿಶ್ವವಿದ್ಯಾಲಯದೊಳಗಿನ ಸಂಘಟನೆಗೆ ಇದಕ್ಕೆ ಹೊಂದಿಕೊಂಡೇ ಇನ್ನೊಂದು ಹಿನ್ನೆಲೆಯೂ ಇದೆ. ಕಾನೂನು ಪ್ರಾಧ್ಯಾಪಕಿಯರಾಗಿದ್ದ ಇಬ್ಬರು ಕಪ್ಪು ಮಹಿಳೆಯರು, ಅನಿತಾ ಹಿಲ್ ಮತ್ತು ಲಾನಿ ಗ್ವಿನಿಯರ್, ಅವರ ಮೇಲೆ ಸಾರ್ವಜನಿಕವಾಗಿ ನಡೆದ ನಿಂದನೆಯ ದಾಳಿಯ ಬಳಿಕ, 1994ರ ಜನವರಿಯಲ್ಲಿ ಸುಮಾರು 2000 ಕಪ್ಪು ಮಹಿಳಾ ವಿದ್ವಾಂಸರು ಬಾಸ್ಟನ್ ಪಕ್ಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸೇರಿ ತಮ್ಮ ಹೆಸರನ್ನು ತಾವೇ ಕಾಯ್ದುಕೊಳ್ಳುವ ಸಮ್ಮೇಳನ ನಡೆಸಿದರು.

ಇನ್ನು ದಿನನಿತ್ಯದ ಕೆಲಸದ ವಿಷಯ. ಇಲ್ಲಿ ಮೆರವಣಿಗೆ ಕಡಿಮೆ, ಮೀಟಿಂಗು ಹೆಚ್ಚು. ರಾತ್ರಿ ಪಾಳಿಯ ಸ್ವಚ್ಛತಾ ಸಿಬ್ಬಂದಿಯ ವೇತನ, ಲೈಂಗಿಕ ಕಿರುಕುಳದ ದೂರು ವಿಚಾರಣೆಯ ವಿಧಾನ, ಕ್ಯಾಂಪಸ್ ಪೊಲೀಸರಿಗೆ ಸುರಿಯುವ ಹಣ, ಇಂಥ ಹಕ್ಕೊತ್ತಾಯಗಳ ಸುತ್ತ ವರ್ಷವಿಡೀ ಪತ್ರ ವ್ಯವಹಾರ ನಡೆಯುತ್ತದೆ. ನಮ್ಮ ಸಭೆಯಲ್ಲಿ ಬಾಗಿಲ ಪಕ್ಕದ ಮೇಜಿನ ಮೇಲೆ ಎರಡು ಹಾಳೆಗಳಿರುತ್ತಿದ್ದವು: ಒಂದು ಹಾಜರಿಗೆ, ಇನ್ನೊಂದು ತಾಯಂದಿರು ಮಾತಾಡುವಾಗ ಪಕ್ಕದ ಕೋಣೆಯಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳುವವರ ಸರದಿಗೆ. ಎರಡನೆಯದರಲ್ಲಿ ಹೆಸರು ಬರೆಯದೆ ಮೊದಲನೆಯದರಲ್ಲಷ್ಟೇ ಸಹಿ ಹಾಕುವವರನ್ನು ಹಳಬರು ತಕ್ಷಣ ಗುರುತಿಸುತ್ತಿದ್ದರು. ಮಾತಿನ ಸರದಿಯಲ್ಲೂ ಅದುವರೆಗೆ ಬಾಯಿ ತೆರೆಯದವರಿಗೆ ಮೊದಲ ಅವಕಾಶ. ನಮ್ಮೂರ ಕಡೆ ಹಿರಿಯರು ಮೈಕು ಹಿಡಿದರೆ ಬಿಡದ ಸಭೆಗಳನ್ನು ಕಂಡವಳಿಗೆ ಇದು ಬಹಳ ಹಿಡಿಸಿತು. ಆದ್ದರಿಂದ ಸಿದ್ಧಾಂತ ಎಷ್ಟು ಓದಿದ್ದೀರಿ ಎಂಬುದಕ್ಕಿಂತ, ವಿಶ್ವವಿದ್ಯಾಲಯದ ಆಯವ್ಯಯ ಪತ್ರವನ್ನು ಸಾಲುಸಾಲಾಗಿ ಓದಿ ಯಾವ ವಿಭಾಗಕ್ಕೆ ಎಷ್ಟು ಹೋಯಿತೆಂದು ಪಟ್ಟಿ ಮಾಡಿಕೊಡಬಲ್ಲಿರಾ ಎಂಬುದು ಅವರಿಗೆ ಮುಖ್ಯವಾಗುತ್ತದೆ. ನಿಮ್ಮ ಓದು ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಜಾತಿಯ ಪ್ರಶ್ನೆ ಬಂದೇ ಬರುತ್ತದೆ. 1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಸ್ಫೂರ್ತಿ ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದ್ದು ಅಲ್ಲಿ ಅನೇಕರಿಗೆ ಗೊತ್ತು. ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತಾರತಮ್ಯ ನಿಷೇಧ ನೀತಿಗೆ ಜಾತಿಯನ್ನು ಸೇರಿಸಿದ್ದೂ ಗೊತ್ತು. ನಾವೂ ಬಿಳಿಯರಲ್ಲ, ನಮ್ಮ ನಿಮ್ಮ ಕಷ್ಟ ಒಂದೇ ಎಂದು ಮೇಲ್ಜಾತಿಯ ಭಾರತೀಯರು ಹೇಳುವಾಗ ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ, ನಂಬುವುದಿಲ್ಲ. ನಿಮ್ಮ ಹಿನ್ನೆಲೆ ಯಾವುದೇ ಇರಲಿ, ಕೇಳಿದಾಗ ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ವೀಸಾದ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಸಂಘಕ್ಕೆ ಸೇರುವುದು ಅಪರಾಧವಲ್ಲ. ಆದರೆ ಪ್ರತಿಭಟನೆಯಲ್ಲಿ ಬಂಧನವಾದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಕುತ್ತು ಬರಬಹುದು, ಮತ್ತು 2025ರಲ್ಲಿ ಎಷ್ಟೋ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾದದ್ದನ್ನು ನೀವೂ ಓದಿರುತ್ತೀರಿ. ರಾಜ್ಯವನ್ನೂ ಗಮನಿಸಿ: ಟೆಕ್ಸಸ್‌ನಲ್ಲಿ 2024ರ ಜನವರಿಯಿಂದ ಜಾರಿಯಾದ ಕಾನೂನು ಎಲ್ಲ ಹಿನ್ನೆಲೆಯವರನ್ನೂ ಒಳಗೊಳ್ಳಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿದ್ದ ವೈವಿಧ್ಯ ಕಚೇರಿಗಳನ್ನು ಮುಚ್ಚಿಸಿತು, ವಿದ್ಯಾರ್ಥಿ ಸಂಘಗಳಿಗೆ ಅದು ಅನ್ವಯಿಸದಿದ್ದರೂ ಅವುಗಳಲ್ಲಿ ಕೆಲವಕ್ಕೆ ಸಿಗುತ್ತಿದ್ದ ಜಾಗ ಮತ್ತು ಹಣ ತಪ್ಪಿತು. ಮೊದಲ ಭೇಟಿಯಲ್ಲೇ ನಿಮ್ಮ ವೀಸಾ ಸ್ಥಿತಿಯನ್ನು ಸಂಘಟಕರಿಗೆ ತಿಳಿಸಿ, ಬಂಧನದ ಸಂಭವವಿಲ್ಲದ ಕೆಲಸವನ್ನೇ ಕೇಳಿ ಪಡೆಯಿರಿ, ಮತ್ತು ತುರ್ತು ಬಿದ್ದರೆ ಕರೆ ಮಾಡಬೇಕಾದ ವಲಸೆ ಕಾನೂನಿನ ವಕೀಲರು ಯಾರೆಂದು ಅವರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.