ಎರಡನೆಯ ಬಾರಿಯ ಕ್ಲಿಪ್: ಬೈದ ವೈದ್ಯರೇ ಸರಿ ಎನ್ನಿಸಿದಾಗ

ಪ್ರಕರಣ: ಮೂವತ್ತು ದಾಟಿದ ಮಹಿಳೆ, ಪ್ರೌಢಶಾಲಾ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರ ಹೆಸರು ಸುಮಾ ಎಂದಿರಲಿ.

ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದ ಸುಮಾ ಮೊದಲು ಹೇಳಿಕೊಂಡ ತೊಂದರೆ ನಿದ್ದೆಯದು. ಹಲ್ಲಿನ ಮಾತು ಬಂದದ್ದು ಆಮೇಲೆ, ಅದೂ ಬಹಳ ಸಂಕೋಚದಿಂದ. ಒಂಬತ್ತನೇ ತರಗತಿಯಲ್ಲಿದ್ದಾಗ ಶಿವಮೊಗ್ಗದಲ್ಲಿ ಅವರಿಗೆ ಕ್ಲಿಪ್ ಹಾಕಿಸಿದ್ದರು. ಮೇಲೆ ಎರಡು, ಕೆಳಗೆ ಎರಡು ಹಲ್ಲು ಕೀಳಿಸಿ, ಎರಡು ವರ್ಷ ತಂತಿ ಬಿಗಿಸಿಕೊಂಡ ಮೇಲೆ ಸಾಲು ನೇರವಾಗಿತ್ತು. ಈಗ ಕೆಳಗಿನ ಮುಂದಿನ ಹಲ್ಲುಗಳು ಮತ್ತೆ ಒಂದನ್ನೊಂದು ಒತ್ತಿಕೊಂಡಿವೆ, ಮೇಲಿನದೊಂದು ಓರೆಯಾಗಿದೆ. ಪಾಠ ಮಾಡುತ್ತಾ ನಕ್ಕರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ ಎಂದರು. ಮೂವರು ದಂತವೈದ್ಯರನ್ನು ಕಂಡು ಬಂದಿದ್ದರು, ಮೂವರೂ ಬೇರೆ ಬೇರೆ ಮಾತು ಹೇಳಿದ್ದರು. ನಿದ್ದೆ ಕೆಟ್ಟದ್ದು ಅಲ್ಲಿಂದ.

ಇಂಥವರು ಬಂದಾಗ ಇದು ಹಲ್ಲಿನ ಚಿಂತೆಯೋ, ರೂಪದ ಗೀಳೋ ಎಂಬುದನ್ನು ನಾನು ಮೊದಲು ವಿಚಾರಿಸುತ್ತೇನೆ. ಬೇರೆಯವರಿಗೆ ಕಾಣದ ಊನವೊಂದು ಕೆಲವರನ್ನು ದಿನಕ್ಕೆ ಗಂಟೆಗಟ್ಟಲೆ ಕಾಡುತ್ತದೆ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಆ ಸ್ಥಿತಿಯಲ್ಲಿ ಹಲ್ಲು ಸರಿಪಡಿಸಿದರೂ ಸಮಾಧಾನ ಸಿಗುವುದು ಅಪರೂಪ. ಅವರಿಗೆ ಮೊದಲು ಬೇಕಾಗುವುದು ಮನೋವೈದ್ಯರ ನೆರವು. ಸುಮಾ ಅವರದು ಹಾಗಿರಲಿಲ್ಲ. ಕನ್ನಡಿಯ ಮುಂದೆ ಕಳೆಯುವ ಹೊತ್ತು ಸಾಮಾನ್ಯವಾಗಿತ್ತು, ಶಾಲೆಯ ಕೆಲಸ ನಡೆದಿತ್ತು, ದೋಷವೂ ಕಾಣುವಂಥದೇ ಆಗಿತ್ತು.

ಇನ್ನು ಮೂವರು ವೈದ್ಯರ ವಿಷಯ. ಮೊದಲ ಕ್ಲಿನಿಕ್‌ನಲ್ಲಿ ಬಾಯಿಯನ್ನು ಸ್ಕ್ಯಾನ್ ಮಾಡಿ, ಚಿಕಿತ್ಸೆಯ ನಂತರ ನಗು ಹೇಗಿರುತ್ತದೆ ಎಂದು ಪರದೆಯ ಮೇಲೆ ತೋರಿಸಿ, ತಂತಿಯ ಬದಲು ಹಲ್ಲಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚಗಳಾದ ಅಲೈನರ್‌ಗಳಿಗೆ ಕಂತಿನ ಲೆಕ್ಕ ಕೊಟ್ಟರು. ಎಕ್ಸ್‌ರೇ ತೆಗೆಯಲಿಲ್ಲ. ಎರಡನೆಯವರು, ಘಟ್ಟದ ಕೆಳಗಿನ ತಜ್ಞರು, ಕ್ಲಿಪ್ ತೆಗೆದ ಮೇಲೆ ಹಲ್ಲು ಜಾಗ ಬಿಡದಂತೆ ತೊಡುವ ರಿಟೇನರ್ ಹಾಕಿಕೊಳ್ಳದೆ ಬಿಟ್ಟದ್ದಕ್ಕೆ ಚೆನ್ನಾಗಿ ಬೈದು, ಇನ್ನೂ ಎರಡು ಹಲ್ಲು ಕೀಳಬೇಕು ಎಂದರು. ಮೂರನೆಯವರು ಶಿವಮೊಗ್ಗದವರು. ಸಣ್ಣ ಕಡ್ಡಿಯಿಂದ ಒಸಡನ್ನು ಒಂದೊಂದೇ ಹಲ್ಲಿನ ಸುತ್ತ ಒತ್ತಿ ನೋಡಿ, ರಕ್ತ ಬಂದದ್ದನ್ನು ತೋರಿಸಿ, ಪೂರ್ತಿ ದವಡೆಯ ಎಕ್ಸ್‌ರೇ ಬರೆದುಕೊಟ್ಟು, ಮೊದಲು ಒಸಡಿನ ತಜ್ಞರನ್ನು ಕಂಡು ಬನ್ನಿ ಎಂದರು. ಎಷ್ಟು ತಿಂಗಳು, ಎಷ್ಟು ಖರ್ಚು ಎಂದು ಕೇಳಿದರೆ, ಈಗಲೇ ಹೇಳಲಾರೆ ಎಂದರು.

ಯಾರ ಕಡೆ ಮನಸ್ಸು ಒಲಿದಿದೆ ಎಂದು ಕೇಳಿದೆ. ತಡವಿಲ್ಲದೆ ಉತ್ತರ ಬಂತು: "ಎರಡನೆಯವರು, ಮೇಡಂ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು." ಮೂರನೆಯವರ ಬಗ್ಗೆ, "ಅವರಿಗೇ ಒಂದು ತೀರ್ಮಾನ ಇದ್ದಂತಿಲ್ಲ" ಎಂದರು.

ಈ ಪ್ರಕರಣದ ಗಂಟು ಇದ್ದದ್ದು ಇಲ್ಲೇ. ಮತ್ತೆ ಎರಡು ಹಲ್ಲು ಏಕೆ ಕೀಳಬೇಕು ಎಂದು ಸುಮಾ ಕೇಳಿರಲೇ ಇಲ್ಲ, ಆ ವೈದ್ಯರೂ ವಿವರಿಸಿರಲಿಲ್ಲ. ಅವರು ಹೇಳಿದ್ದೆಂದು ಸುಮಾಗೆ ನೆನಪಿದ್ದದ್ದು ಬೈಗುಳ ಮಾತ್ರ. ಅದು ತಮಗೆ ತಕ್ಕದ್ದೇ ಎಂದು ಅನ್ನಿಸಿದ್ದರಿಂದ ಆ ವೈದ್ಯರ ಯೋಜನೆಯೂ ಸರಿಯಾಗಿ ಕಂಡಿತ್ತು. ಎರಡನೆಯ ಬಾರಿ ಯಾವುದೇ ಚಿಕಿತ್ಸೆಗೆ ಹೊರಟವರಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಪ್ಪಿತಸ್ಥ ಭಾವದಲ್ಲಿರುವವರಿಗೆ ಶಿಕ್ಷೆಯೇ ಪ್ರಾಮಾಣಿಕತೆಯಂತೆ ಕಾಣುತ್ತದೆ.

ತಪ್ಪಿತಸ್ಥ ಭಾವದ ಬೇರು ಅಡಿಕೆಯಲ್ಲಿತ್ತು. ಒಳ್ಳೆಯ ದರ ಬರುವವರೆಗೆ ಅಡಿಕೆ ಇಟ್ಟುಕೊಳ್ಳುವುದು ನಮ್ಮ ಕಡೆ ರೂಢಿ. ಆ ವರ್ಷ ಅವರ ಅಪ್ಪಯ್ಯ ಕಾಯದೆ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸ್‌ಗೆ ಹಾಕಿ ಕ್ಲಿಪ್ಪಿನ ಹಣ ಹೊಂದಿಸಿದ್ದರು. ಆಮೇಲೆ ದರ ಏರಿತು. ಮನೆಯಲ್ಲಿ ಯಾರೂ ಅದನ್ನು ಎತ್ತಿ ಆಡಿದವರಲ್ಲ, ಆದರೆ ಸುಮಾ ಮರೆತಿರಲಿಲ್ಲ. ಮುಂದಿನ ಭೇಟಿಗೆ ಅವರು ತಮ್ಮ ಹಳೆಯ ರಿಟೇನರ್ ತಂದಿದ್ದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಬೀರುವಿನಲ್ಲಿತ್ತಂತೆ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಮುಂದೊಂದು ತಂತಿಯ ಕಮಾನು, ಅಂಚಿನಲ್ಲಿ ಬಿರುಕು. ಪಿಯುಸಿಗೆ ಹಾಸ್ಟೆಲ್ ಸೇರಿದ ಮೇಲೆ ಗೆಳತಿಯರೆದುರು ತೆಗೆದು ಹಾಕಲು ನಾಚಿಕೆಯಾಗಿ ಬಿಟ್ಟಿದ್ದರು.

ಎಷ್ಟು ಕಾಲ ಹಾಕಬೇಕೆಂದು ಆಗ ಹೇಳಿದ್ದರು ಎಂದು ಕೇಳಿದೆ. ಒಂದು ವರ್ಷ ಎಂದಿದ್ದರಂತೆ. ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಅವರು ಹಾಕಿಯೂ ಇದ್ದರು! ಸರಿಸಿದ ಹಲ್ಲಿನ ಸುತ್ತಲಿನ ಒಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಅದಾದ ಮೇಲೂ, ಕ್ಲಿಪ್ ಹಾಕಿಸಿರಲಿ ಬಿಡಲಿ, ವಯಸ್ಸಿನೊಂದಿಗೆ ಕೆಳಗಿನ ಮುಂದಿನ ಹಲ್ಲುಗಳು ಇಕ್ಕಟ್ಟಾಗುವುದು ಬಹಳ ಜನರಲ್ಲಿ ಸಹಜ. ಹಾಗಾಗಿಯೇ ಈಗ ರಾತ್ರಿಯ ರಿಟೇನರನ್ನು ವರ್ಷಗಟ್ಟಲೆ ಮುಂದುವರಿಸಲು ಹೇಳುತ್ತಾರೆ. ಹದಿನಾರರ ಹುಡುಗಿಯೊಬ್ಬಳ ಉಡಾಫೆಯಿಂದ ಅಪ್ಪಯ್ಯನ ಹಣ ನೀರುಪಾಲಾಯಿತು ಎಂಬ ಕಥೆ ಅಲ್ಲಿಗೆ ಸಡಿಲವಾಯಿತು. ಸುಮಾ ಅತ್ತರು. ಅಳಲು ಬಿಟ್ಟೆ.

ಯಾವ ವೈದ್ಯರು ಸರಿ ಎಂದು ಹೇಳುವ ಅರ್ಹತೆ ನನಗಿಲ್ಲ, ಹೇಳಲೂ ಇಲ್ಲ. ಒಂದೇ ಪ್ರಶ್ನೆಯನ್ನು ಮೂವರ ಮುಂದೆಯೂ ಇಡಿ ಎಂದೆ: ನನ್ನ ಹಲ್ಲು ಮತ್ತೆ ಏಕೆ ಜಾಗ ಬಿಟ್ಟಿತು? ಮೊದಲ ಬಾರಿಯ ಚಿಕಿತ್ಸೆಗೆ ಈ ಪ್ರಶ್ನೆ ಬೇಕಿಲ್ಲ, ಎರಡನೆಯದಕ್ಕೆ ಇದೇ ಮೊದಲು. ಕಾರಣ ಹುಡುಕದೆ ಹಲ್ಲು ಸರಿಸಿದರೆ, ಅದೇ ಕಾರಣ ಮತ್ತೆ ಕಾದಿರುತ್ತದೆ. ಮತ್ತೆ ಹಲ್ಲು ಕೀಳುವುದೇ ತಪ್ಪು ಎಂದಲ್ಲ, ಕೆಲವೊಮ್ಮೆ ಅದು ಬೇಕಾಗುತ್ತದೆ. ಆದರೆ ಈಗಾಗಲೇ ನಾಲ್ಕು ಕೀಳಿಸಿಕೊಂಡವರಿಗೆ ಅದರ ಕಾರಣ ಕೇಳುವ ಹಕ್ಕಿದೆ. ಹಿಂದಿನ ಚಿಕಿತ್ಸೆಯಲ್ಲಿ ಬೇರುಗಳು ಸವೆದಿವೆಯೇ ಎಂದು ಎಕ್ಸ್‌ರೇಯಲ್ಲಿ ತೋರಿಸಲು ಹೇಳಿ, ಮುಂದಿನ ಹಲ್ಲುಗಳನ್ನಷ್ಟೇ ಸರಿಪಡಿಸಿದರೆ ಸಾಕಾಗದೇ ಎಂದೂ ಕೇಳಿ ಎಂದೆ. ವೈದ್ಯರ ಓದಿನ ಬಗ್ಗೆ ಕೇಳಲು ಹಿಂಜರಿಯಬೇಡಿ. ಹಲ್ಲಿನ ಸಾಲು ಸರಿಪಡಿಸುವ ತಜ್ಞರು ದಂತವೈದ್ಯ ಪದವಿಯಾದ ಬಿಡಿಎಸ್ ನಂತರ ಮೂರು ವರ್ಷ ಆರ್ಥೋಡಾಂಟಿಕ್ಸ್‌ನಲ್ಲಿ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿರುತ್ತಾರೆ, ರಾಜ್ಯ ದಂತ ಪರಿಷತ್ತಿನಲ್ಲಿ ಅವರ ನೋಂದಣಿ ಇರುತ್ತದೆ. ಅಲೈನರ್ ಕೊಡುವವರೆಲ್ಲರೂ ಈ ತಜ್ಞರೇ ಆಗಿರುವುದಿಲ್ಲ.

ಮಲೆನಾಡಿನವರು ದೂರವನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ಕ್ಲಿಪ್ ಹಾಕಿಸಿಕೊಂಡವರು ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಹೋಗಬೇಕಾಗುತ್ತದೆ. ಒಂದೂವರೆ ವರ್ಷದ ಚಿಕಿತ್ಸೆಗೆ ಕಡಿಮೆಯೆಂದರೂ ಒಂದು ಮಳೆಗಾಲ ಸಿಗುತ್ತದೆ. ಜುಲೈನಲ್ಲಿ ತಂತಿಯ ತುದಿ ಕೆನ್ನೆಗೆ ಚುಚ್ಚತೊಡಗಿದರೆ ಆಗುಂಬೆ ಘಾಟಿ ಇಳಿದು ಹೋಗುತ್ತೀರಾ? ತಿಂಗಳಿಗೊಮ್ಮೆ ಬಂದು ಹೋಗುವ ತಜ್ಞರಾದರೆ ನಡುವೆ ನೋಡುವವರು ಯಾರು? ಚಿಕಿತ್ಸೆ ಮುಗಿದ ಮೇಲೆ ಹಲ್ಲಿನ ಹಿಂದೆ ಅಂಟಿಸುವ ತಂತಿ ಬಿಟ್ಟುಕೊಂಡರೆ ಮತ್ತೆ ಅಂಟಿಸುವವರು ಯಾರು, ಅದರ ಖರ್ಚು ಯಾರದು? ಇವನ್ನೆಲ್ಲ ಬರೆದುಕೊಂಡು ಹೋಗಿ ಎಂದೆ. ಅಡಿಕೆ ಅಗಿಯುವವರು ಅದನ್ನೂ ಮುಚ್ಚಿಡದೆ ಹೇಳಬೇಕು. ಗಟ್ಟಿ ಹೋಳಿಗೆ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತು ಬರುತ್ತದೆ.

ಗಂಡನನ್ನೂ ಒಮ್ಮೆ ಕರೆಸಿದೆ. "ಈ ವಯಸ್ಸಿನಲ್ಲಿ ಯಾಕೆ" ಎಂದು ಅವರು ಅಂದದ್ದು ಸುಮಾಗೆ ಚುಚ್ಚಿತ್ತು. ಅವರ ಆತಂಕ ಹಣ ಮತ್ತು ಓಡಾಟದ್ದು, ಹೆಂಡತಿಯ ಆಸೆಯ ಬಗ್ಗೆ ತಾತ್ಸಾರವೇನೂ ಇರಲಿಲ್ಲ. ವಯಸ್ಸು ಇದಕ್ಕೆ ಅಡ್ಡಿಯಲ್ಲ, ಒಸಡು ಮತ್ತು ಮೂಳೆ ಗಟ್ಟಿಯಾಗಿರಬೇಕು ಅಷ್ಟೇ ಎಂದು ತಿಳಿದ ಮೇಲೆ, ಮುಂದಿನ ಭೇಟಿಗಳಿಗೆ ತಾವೇ ಜೊತೆಗೆ ಹೋದರು.

ಮೊದಲ ಕ್ಲಿನಿಕ್‌ನಲ್ಲಿ ಪ್ರಶ್ನೆಗೆ ಉತ್ತರವಾಗಿ ರಿಯಾಯಿತಿ ಸಿಕ್ಕಿತು. ಎರಡನೆಯವರು ರಿಟೇನರ್ ಮಾತನ್ನೇ ಮತ್ತೆ ಹೇಳಿದರು. ಮೂರನೆಯವರು ಎಕ್ಸ್‌ರೇ ಹಿಡಿದು, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಮೂಳೆ ಸ್ವಲ್ಪ ಇಳಿದಿರುವುದನ್ನು ತೋರಿಸಿದರು. ಒಸಡಿನ ರೋಗದಿಂದ ಆಧಾರ ಕುಗ್ಗಿದರೂ ಹಲ್ಲು ಜಾಗ ಬಿಡುತ್ತದೆ, ಉರಿಯೂತ ಇರುವಾಗಲೇ ತಂತಿ ಬಿಗಿದರೆ ಇರುವ ಮೂಳೆಯೂ ಹೋಗಬಹುದು, ಹಾಗಾಗಿ ಮೊದಲೇ ದಿನಾಂಕ ಕೊಡಲಿಲ್ಲ ಎಂದರು. ಸುಮಾ ಈ ವೈದ್ಯರನ್ನೇ ಆರಿಸಿಕೊಂಡರು.

ಒಸಡಿನ ಚಿಕಿತ್ಸೆ ಈಗ ನಡೆದಿದೆ, ಹಲ್ಲುಜ್ಜಿದಾಗ ರಕ್ತ ಬರುವುದು ನಿಂತಿದೆ. ಕ್ಲಿಪ್ ಇನ್ನೂ ಹಾಕಿಲ್ಲ. ಮರುಪರೀಕ್ಷೆಯಲ್ಲಿ ಒಸಡು ಸರಿಯಿದ್ದರೆ ಮಳೆ ಕಳೆದ ಮೇಲೆ ಮುಂದಿನ ಹಲ್ಲುಗಳಿಗಷ್ಟೇ ಸಣ್ಣ ಚಿಕಿತ್ಸೆ, ಹಲ್ಲು ಕೀಳದೆ, ಎಂದು ಮಾತಾಗಿದೆ. ರಿಟೇನರ್ ಮತ್ತು ಅದರ ತಪಾಸಣೆಯ ಖರ್ಚನ್ನು ಮೊದಲೇ ಒಟ್ಟು ಮೊತ್ತದಲ್ಲಿ ಸೇರಿಸಿ ಬರೆಸಿಕೊಂಡಿದ್ದಾರೆ. ನನ್ನಲ್ಲಿಗೆ ಬರುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ಚಿಕಿತ್ಸೆ ಶುರುವಾದ ಮೇಲೆ ನಿದ್ದೆ ಮತ್ತೆ ಕೆಟ್ಟರೆ ಕಾಯದೆ ಬನ್ನಿ ಎಂದು ಹೇಳಿದ್ದೇನೆ.